ಬೆಳಗಿನವರು

"ತಲೆ ಕಡೆ ಎತ್ತಿ. ಇನ್ನೂ ಸ್ವಲ್ಪ. ಅಯ್ಯೋ, ತಡೀರಿ ತಡೀರಿ, ಎಲ್ಲೋ ಸಿಕ್ಕೊಂಡಿದೆ."

ಮೆಟ್ಟಿಲಿನ ತಿರುವಿನಲ್ಲಿ ಅಳಿಯ ನಿಂತುಬಿಟ್ಟ. ಸ್ಟ್ರೆಚರು ಹಿಂದಕ್ಕೂ ಬರದೆ ಮುಂದಕ್ಕೂ ಹೋಗದೆ ಸತಾಯಿಸುತ್ತಿತ್ತು. ಕೆಳಗಿನ ತುದಿ ಹಿಡಿದಿದ್ದ ಶವದ ಗಾಡಿಯವನ ಕೊರಳ ನರ ಉಬ್ಬಿತ್ತು.

"ಲಿಫ್ಟಲ್ಲಿ ಆಗ್ತಿರ್ಲಿಲ್ವಾ?" ಎಂದ ಅಳಿಯ, ಏದುಸಿರು ಬಿಡುತ್ತಾ.

"ಲಿಫ್ಟಲ್ಲಿ ನಿಂತ್ಕೊಂಡು ಹೋಗೋರಿಗೆ ಮಾತ್ರ ಜಾಗ ಸಾರ್."

ಆಡಿದ ಮೇಲೆ ಅದು ತಮಾಷೆಯಂತೆ ಕೇಳಿಸಿತೆಂದು ಹೊಳೆದು ಗಾಡಿಯವನು ತಲೆ ತಗ್ಗಿಸಿದ.

ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಮಗಳು ಗೋಡೆಗೆ ಒತ್ತಿಕೊಂಡು ಇಳಿದು ಬಂದು ಬಗ್ಗಿ ನೋಡಿದಳು. ಸಿಕ್ಕಿಕೊಂಡಿದ್ದು ಸ್ಟ್ರೆಚರಲ್ಲ. ಅಪ್ಪನ ಕೊರಳಿಗೆ ಸುತ್ತಿದ್ದ ಮಫ್ಲರಿನ ತುದಿ ಕಿಟಕಿಯ ಸರಳಿಗೆ ತಗುಲಿಕೊಂಡಿತ್ತು. ಇಟ್ಟಿಗೆ ಬಣ್ಣದ ಉಣ್ಣೆಯದು. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು, ನಡುವೆ ಅಲ್ಲಲ್ಲಿ ಬೆರಳು ತೂರುವಷ್ಟು ತೂತು. ಇಂಥದ್ದನ್ನು ಯಾವ ಅಂಗಡಿಯವನು ಮಾರಿರಬಹುದು, ಅಪ್ಪ ಯಾಕೆ ಕೊಂಡಿರಬಹುದು ಎಂದು ಅವಳಿಗೆ ಅರ್ಥವಾಗಿರಲಿಲ್ಲ. ಬೆಳಿಗ್ಗೆ ಕುರ್ಚಿಯ ಮೇಲೆ ಸಿಕ್ಕಿತ್ತು. ಅಪ್ಪನ ಕೊರಳು ಬೋಳುಬೋಳಾಗಿ ಕಂಡಿತೆಂದು ಸುತ್ತಿದ್ದಳು. ಸತ್ತವರಿಗೆ ಚಳಿಯಾಗುವುದಿಲ್ಲವೆಂದು ಗೊತ್ತಿದ್ದೂ ಸುತ್ತಿದ್ದಳು.

ಎಳೆಯನ್ನು ಬಿಡಿಸಿದಳು. ಸ್ಟ್ರೆಚರು ಇಳಿಯಿತು.

ಕೆಳಗೆ ಯಾರೂ ಇರಲಿಲ್ಲ ಎನ್ನುವ ಹಾಗಿಲ್ಲ. ಮೊದಲ ಮಹಡಿಯ ಒಂದು ಬಾಗಿಲು ಅರ್ಧ ತೆರೆದು, ಒಂದು ಮುಖ ಕಂಡು, ಮೆಲ್ಲಗೆ ಮುಚ್ಚಿಕೊಂಡಿತು. ಅಪ್ಪ ಕೆಲಸ ಮಾಡುತ್ತಿದ್ದ ಕನ್ನಡಕದಂಗಡಿಯಿಂದ ಒಂದು ಹೂವಿನ ಚಕ್ರ ಬಂದಿತ್ತು, ಜೊತೆಗೆ ಯಾರೂ ಬಂದಿರಲಿಲ್ಲ. ಗೇಟಿನ ಹತ್ತಿರ ದೊಡ್ಡ ಕೈಚೀಲ ಹಿಡಿದ, ಕೂದಲು ಪೂರ್ತಿ ಬೆಳ್ಳಗಾದ ಹೆಂಗಸೊಬ್ಬರು ನಿಂತಿದ್ದರು.

"ನಾನೇ ಅಮ್ಮಾ, ನಿನ್ನೆ ಫೋನ್ ಮಾಡಿದ್ದು," ಎಂದರು. "ಆರೋಗ್ಯ ಕೇಂದ್ರದಲ್ಲಿ ನರ್ಸಾಗಿದ್ದೆ. ರಿಟೈರಾದ್ರೂ ಅಲ್ಲೇ ಸುತ್ತಾಡ್ಕೊಂಡಿದ್ದೀನಿ."

"ಅಪ್ಪ ನಿಮ್ಮ ಹತ್ರ ಔಷಧಿಗೆ ಬರ್ತಿದ್ರಾ?"

"ಔಷಧಿಗಲ್ಲ. ಹೇಳ್ತೀನಿ, ಹತ್ತಿ ಹತ್ತಿ, ಗಾಡಿ ಹೊರಡ್ತಿದೆ."

ಗಾಡಿಯಲ್ಲಿ ಅಪ್ಪನ ಒಂದು ಬದಿಗೆ ಮಗಳು, ಇನ್ನೊಂದು ಬದಿಗೆ ನರ್ಸಮ್ಮ ಕೂತರು. ಅಳಿಯ ಹಿಂದೆ ಕಾರಿನಲ್ಲಿ ಬಂದ. ಮೂವರೇ. ರಸ್ತೆಯ ತಿರುವುಗಳಲ್ಲಿ ಅಪ್ಪನ ತಲೆ ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ಹೊರಳಿದಾಗ, ಬೇಡ ಬೇಡ ಎನ್ನುತ್ತಿರುವಂತೆ ಕಾಣುತ್ತಿತ್ತು.

*

ಅಪ್ಪ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಹದಕ್ಕೆ ತರುವ ಕೆಲಸ ಮಾಡುತ್ತಿದ್ದರು. ಇಡೀ ದಿನ ಚಕ್ರ ಗರ್ರೆನ್ನುವ ಸದ್ದು. ಗಿರಾಕಿಗಳ ಮುಖವನ್ನು ಅವರು ನೋಡಿದ್ದೇ ಇಲ್ಲ. ಮುಂದಿನ ಕೋಣೆಯಿಂದ ಚೀಟಿ ಬರುತ್ತಿತ್ತು, ಗಾಜು ಹೋಗುತ್ತಿತ್ತು.

ವಾರದ ರಜೆ ಬಂತೆಂದರೆ ಗಾಳ, ಮಡಚುವ ಸ್ಟೂಲು, ಹುಳದ ಡಬ್ಬಿ ಹಿಡಿದು ಊರ ಹೊರಗಿನ ಕೆರೆಗೆ ಹೋಗಿಬಿಡುವರು. ಕೆರೆಯ ಮೂಲೆಯಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಅದರ ಪಕ್ಕ ಸ್ಟೂಲು ಹಾಕಿ ಕೂತರೆ, ನೀರಿನ ಮೇಲೆ ತೇಲುವ ಬೆಂಡಿನ ಕೆಂಪು ತುದಿಯೊಂದನ್ನು ಬಿಟ್ಟರೆ ಲೋಕದಲ್ಲಿ ಬೇರೇನೂ ಇರುತ್ತಿರಲಿಲ್ಲ. ಮೀನಿನ ಮೇಲೆ ಅಂಥ ಆಸೆಯೇನಿರಲಿಲ್ಲ. ಸಿಕ್ಕಿದ್ದರಲ್ಲಿ ಹೆಚ್ಚಿನವನ್ನು ಕೊಕ್ಕೆ ಬಿಡಿಸಿ ನೀರಿಗೇ ಬಿಡುತ್ತಿದ್ದರು.

"ನಿಮಗೆ ಹೆಂಡತಿಯಾಗೋ ಬದ್ಲು ಮೀನಾಗಿದ್ದಿದ್ರೆ ವಾರಕ್ಕೊಂದಿನ ಆದ್ರೂ ನನ್ನ ದಾರಿ ಕಾಯ್ತಿದ್ರಿ," ಎಂದು ಹೆಂಡತಿ ಡಬ್ಬಿ ಕಟ್ಟಿಕೊಡುತ್ತಾ ನಗುವರು. ಅವರೂ ನಗುವರು. ಚಪ್ಪಲಿ ಮೆಟ್ಟಿ ಹೊರಡುವರು.

ಮಗಳು ಚಿಕ್ಕವಳಿದ್ದಾಗ ಒಮ್ಮೆ ಹಟ ಹಿಡಿದು ಜೊತೆಗೆ ಹೋಗಿದ್ದಳು. ಬಾಯಿ ಮುಚ್ಚಿ ಕೂರುವ ಮಗುವಲ್ಲ ಅವಳು. ನೀರಿನ ಕೆಳಗೆ ಮೀನಿಗೆ ಮನೆ ಇದೆಯಾ, ಮೀನಿನ ಮಕ್ಕಳು ಶಾಲೆಗೆ ಹೋಗುತ್ತವಾ, ಗಾಳ ಚುಚ್ಚಿದಾಗ ಅವು ಅಮ್ಮಾ ಅನ್ನುತ್ತವಾ? ಅಪ್ಪ ಬೈಯಲಿಲ್ಲ. ಸಂಜೆ ವಾಪಸು ಬರುವಾಗ, "ಮುಂದಿನ ಸಲ ನೋಡೋಣ," ಎಂದರು. ಮುಂದಿನ ಸಲ ಬರಲೇ ಇಲ್ಲ. ಅವಳೂ ಕೇಳುವುದನ್ನು ಬಿಟ್ಟಳು.

ಅವಳಿಗೆ ಮದುವೆಯಾಗಿ ಬೇರೆ ಊರಿಗೆ ಹೋಗಿ, ಅಲ್ಲಿನ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ ಸಿಕ್ಕಿ, ವರ್ಷಗಳಾಗಿದ್ದವು. ಒಂದು ರಜೆಯ ದಿನ ಅಪ್ಪ ಕೆರೆಗೆ ಹೋದ ಸ್ವಲ್ಪ ಹೊತ್ತಿಗೆ ಅಮ್ಮ ಅಡುಗೆಮನೆಯಲ್ಲಿ ಕುಸಿದು ಬಿದ್ದರು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಹೊರಗಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ಮಗಳೇ ಮಾಡಿದ್ದಳು. ಅಮ್ಮ ಪೇಟೆಗೆ ಹೋಗಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು.

ಅಪ್ಪ ಬಂದಾಗ ಕತ್ತಲಾಗುತ್ತಿತ್ತು. ಅವತ್ತು ಒಳ್ಳೆ ದೊಡ್ಡ ಮೀನು ಸಿಕ್ಕಿತ್ತು; ಹೆಂಡತಿಗೆ ತೋರಿಸಬೇಕೆಂದು ಒದ್ದೆ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಅಮ್ಮ ನೆಲದ ಮೇಲಿದ್ದರು, ಕಣ್ಣು ತೆರೆದುಕೊಂಡೇ ಇತ್ತು. ಎಡಗೈಯನ್ನು ಒಂದಿಷ್ಟೇ ಎತ್ತಿ ಫೋನಿನ ಕಡೆ ತೋರಿಸಿದರು. ಆಸ್ಪತ್ರೆಯಲ್ಲಿ ಫೋನಿಲ್ಲದ ಗೋಡೆಯ ಕಡೆಗೂ ಹಾಗೇ ತೋರಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಮಗಳು ಬಂದಾಗ ಅಪ್ಪ ಆಸ್ಪತ್ರೆಯ ಓಣಿಯಲ್ಲಿ ನಿಂತಿದ್ದರು. ಪ್ಯಾಂಟಿನ ಅಂಚಿಗೆ ಕೆರೆಯ ಕೆಸರು ಒಣಗಿ ಅಂಟಿಕೊಂಡಿತ್ತು. ಅವಳು ಆ ಕೆಸರನ್ನೇ ನೋಡಿದಳು.

"ಮೀನು ಸಿಕ್ತಾ ಅಪ್ಪಾ?"

ಅವರು ಅದನ್ನು ನಿಜಕ್ಕೂ ಪ್ರಶ್ನೆ ಎಂದುಕೊಂಡರು.

"ಒಂದು," ಎಂದರು.

*

ಚಿತಾಗಾರದ ಗುಮಾಸ್ತ ಕೈ ಬಿಚ್ಚಿ ತೋರಿಸಿದ. "ಎರಡರಲ್ಲಿ ಒಂದು ಯಂತ್ರ ಕೆಟ್ಟಿದೆ ಸಾರ್. ನಿಮಗಿಂತ ಮುಂಚೆ ಒಬ್ರಿದ್ದಾರೆ. ಕಾಯ್ಬೇಕಾಗುತ್ತೆ."

ಮುಂಚಿನವರಿಗೆ ದೊಡ್ಡ ಬಳಗವಿತ್ತು. ಹೊರಗೆ ಕಾರುಗಳು ಸಾಲುಗಟ್ಟಿದ್ದವು, ಒಳಗೆ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಇವರದು ಪಕ್ಕದ ಚಿಕ್ಕ ಕೋಣೆ. ಎರಡು ಉದ್ದ ಬೆಂಚು, ನಡುವೆ ಅಪ್ಪ.

"ಯಾರಿಗಾದ್ರೂ ಹೇಳೋದು ಬಾಕಿ ಇದೆಯಾ?" ಎಂದು ಅಳಿಯ ಮೆಲ್ಲಗೆ ಕೇಳಿದ.

"ಯಾರಿಗೆ ಹೇಳ್ಲಿ, ಹೇಳಿ? ಕೆರೆಗೆ ಹೋಗಿ ಮೀನಿಗೆ ಹೇಳ್ಲಾ?"

ಅವಳ ದನಿಯ ಒಗರು ಅಳಿಯನಿಗೆ ಹೊಸದಲ್ಲ.

ಆಗ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ತೆಳ್ಳಗೆ ಕಡ್ಡಿಯಂತಿದ್ದ ಮುದುಕಿಯೊಬ್ಬರು ಒಳಗೆ ಇಣುಕಿ, ಮೂವರ ಮುಖವನ್ನೂ ನೋಡಿ, "ಇದು ಬೆಳಗಿನವರದ್ದಾ?" ಎಂದರು.

"ಪಕ್ಕದ ಹಾಲಿಗೆ ಹೋಗಿ ಅಮ್ಮ," ಎಂದಳು ಮಗಳು.

"ಅಲ್ಲಿಂದಾನೇ ಬಂದೆ. ಅದು ಯಾರೋ ವಕೀಲರದ್ದಂತೆ."

"ಸ್ವೆಟರಮ್ಮಾ, ಬನ್ನಿ," ಎಂದು ನರ್ಸಮ್ಮ ಎದ್ದು ಹೋಗಿ ಕೈ ಹಿಡಿದುಕೊಂಡರು. "ಇಲ್ಲೇ. ಇವರೇ."

ಸ್ವೆಟರಮ್ಮ ಹತ್ತಿರ ಬಂದು ಅಪ್ಪನ ಮುಖವನ್ನು ತುಂಬ ಹೊತ್ತು ನೋಡಿದರು. ನೋಡಿ, ನಂಬಿಕೆ ಬಾರದವರಂತೆ ತಲೆ ಆಡಿಸಿದರು. "ಇಷ್ಟು ಸಣ್ಣಾಳಾ! ದನಿ ಕೇಳಿ ಎತ್ತರಕ್ಕೆ ದಪ್ಪಗೆ ಇರ್ತಾರೆ ಅಂದ್ಕೊಂಡಿದ್ದೆ."

ಅವರ ಹಿಂದೆಯೇ ಇನ್ನಿಬ್ಬರು ಬಂದರು. ಒಬ್ಬರು ಗುಂಡಗಿನ ಮುದುಕರು, ಬೇಕರಿ ನಡೆಸಿ ಮುಚ್ಚಿದವರು. ಇನ್ನೊಬ್ಬರು ಬಸ್ಸು ಓಡಿಸಿ ನಿವೃತ್ತರಾದವರು. ಬಂದವರೇ ಗೋಡೆಯ ಗಡಿಯಾರ ನೋಡಿ, "ಹೇಳಿದ ಹೊತ್ತಿಗೆ ಒಂದೂ ಹೊರಡಲ್ಲ ಈ ಊರಲ್ಲಿ," ಎಂದು ಗೊಣಗಿದರು. ಆಮೇಲೆ ಅಪ್ಪನ ಕಡೆ ತಿರುಗಿ ಟೋಪಿ ತೆಗೆದರು.

"ಮೀಸೆ ಇದೆ ಅಂದ್ಕೊಂಡಿದ್ದೆ ನಾನು," ಎಂದರು ಸ್ವಲ್ಪ ಹೊತ್ತಿನ ಮೇಲೆ.

ಮಗಳು ಒಬ್ಬೊಬ್ಬರನ್ನೇ ನೋಡಿದಳು. "ನೀವ್ಯಾರೂ ಅಪ್ಪನ್ನ ನೋಡೇ ಇಲ್ವಾ?"

"ಇಲ್ಲಮ್ಮ," ಎಂದರು ಬೇಕರಿಯವರು. "ದಿನಾ ಮಾತಾಡಿದ್ದೀವಿ. ಯಾವತ್ತೂ ನೋಡಿಲ್ಲ."

*

ಅಮ್ಮ ಹೋದ ಮೇಲೆ ಅಪ್ಪ ಗಾಳವನ್ನೂ ಸ್ಟೂಲನ್ನೂ ಕೆರೆಯ ದಂಡೆಯಲ್ಲಿ ಸಿಕ್ಕ ಯಾರಿಗೋ ಕೊಟ್ಟುಬಿಟ್ಟರು. ಆ ಕಡೆಯ ರಸ್ತೆಯಲ್ಲಿ ಹೋಗುವುದನ್ನೂ ಬಿಟ್ಟರು. ಅದಾದ ಮೇಲೆ ರಜೆಯ ದಿನ ಎಷ್ಟು ಉದ್ದ ಎಂಬುದು ಅವರಿಗೆ ತಿಳಿಯಿತು. ನಿವೃತ್ತಿಯೂ ಆಗಿ ಎಲ್ಲ ದಿನವೂ ರಜೆಯೇ ಆದಾಗ ಏನು ಮಾಡಬೇಕೆಂದು ತೋಚಲಿಲ್ಲ.

ಸುಮ್ಮನೆ ಕೂತವರೇನಲ್ಲ. ಉದ್ಯಾನದ ನಗೆಕೂಟಕ್ಕೆ ಸೇರಿದರು. ಅಲ್ಲಿ ಎಲ್ಲರೂ ಸುತ್ತ ನಿಂತು ಕೈ ಮೇಲೆತ್ತಿ ಹೊಟ್ಟೆ ಕುಲುಕಿಸಿ ನಗಬೇಕು. "ಬಾಯಿಂದಲ್ಲ ಸಾರ್, ಹೊಟ್ಟೆಯಿಂದ!" ಎಂದು ಮುಂದಾಳು ಕೂಗಿದ. ಅವರು ಪ್ರಯತ್ನಪಟ್ಟರು. ಪಕ್ಕದಲ್ಲಿದ್ದವರು ಗಾಬರಿಯಿಂದ ಬೆನ್ನು ಸವರಿ ನೀರು ಕುಡಿಸಿದರು. ಮೌತ್ ಆರ್ಗನ್ ಕೊಂಡರು. ಮೇಲಿನ ಮನೆಯ ಕೂಸು ಎದ್ದು ಅಳತೊಡಗಿತು. ಹೂಕುಂಡ ತಂದರು, ನೀರು ಹೆಚ್ಚಾಗಿ ಎರಡು ಗಿಡ ಕೊಳೆತವು. ಮೂರನೆಯದು ಹೂ ಬಿಟ್ಟ ಬೆಳಿಗ್ಗೆ ಅವರು ಕುಂಡವನ್ನು ಎತ್ತಿಕೊಂಡು ಬಾಗಿಲವರೆಗೆ ಬಂದು, ಯಾರಿಗೆ ತೋರಿಸುವುದೆಂದು ಹೊಳೆಯದೆ, ವಾಪಸು ಕಿಟಕಿಯಲ್ಲಿಟ್ಟರು.

ರಕ್ತದೊತ್ತಡ ನೋಡಿಸಲು ಆರೋಗ್ಯ ಕೇಂದ್ರಕ್ಕೆ ಹೋದಾಗ ಗೋಡೆಯ ಮೇಲೆ ಒಂದು ಹಾಳೆ ಕಂಡಿತು. ಒಂಟಿಯಾಗಿರುವ ಹಿರಿಯರಿಗೆ ದಿನಾ ಬೆಳಿಗ್ಗೆ ಫೋನು ಮಾಡಿ ಕ್ಷೇಮ ವಿಚಾರಿಸಲು ಜನ ಬೇಕು ಎಂದಿತ್ತು. ಅವರು ಅದನ್ನು ಓದಿ, ಹೊರಗೆ ಹೋಗಿ, ಗೇಟಿನಿಂದ ಮತ್ತೆ ಒಳಗೆ ಬಂದರು.

"ಚೆನ್ನಾಗಿ ಮಾತಾಡ್ತೀರಾ?" ಎಂದು ನರ್ಸಮ್ಮ ಕೇಳಿದರು.

"ಇಲ್ಲ. ಮಾತು ಬರಲ್ಲ ನನಗೆ."

"ಮತ್ತೆ ಯಾಕೆ ಬಂದ್ರಿ ಮಾರಾಯರೇ?"

ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. "ಫೋನು ಬಡ್ಕೊಳ್ತಾ ಇದ್ದು ಯಾರೂ ಎತ್ತದೇ ಇದ್ರೆ, ಎದ್ದು ಹೋಗಿ ನೋಡ್ಬೇಕಲ್ಲ ಯಾರಾದ್ರೂ. ಅಷ್ಟು ನನಗೆ ಬರುತ್ತೆ."

ಮೊದಲ ಫೋನು ಸ್ವೆಟರಮ್ಮನಿಗೆ. ಅವರು ಹಲೋ ಎಂದ ಮೇಲೆ ಬಹಳ ಹೊತ್ತು ಬರೀ ಉಸಿರು.

"ಎದ್ದಿದ್ದೀರಾ?" ಎಂದರು ಅಪ್ಪ ಕೊನೆಗೆ.

"ಎದ್ದಿಲ್ದೇ ಇದ್ರೆ ಫೋನು ಎತ್ತಿದ್ದು ಯಾರು?"

"ಅದೂ ಸರಿ," ಎಂದು ಇಟ್ಟುಬಿಟ್ಟರು.

ಮರುದಿನ ಅದೇ ಹೊತ್ತಿಗೆ ಮತ್ತೆ ಬಂತು. ಅದರ ಮರುದಿನವೂ. ಬಸ್ಸಿನವರಂತೂ ಮೊದಮೊದಲು, "ಸತ್ತಿಲ್ಲ, ಇಡ್ರೀ!" ಎಂದು ಫೋನು ಕುಕ್ಕುತ್ತಿದ್ದರು. ಒಂದು ದಿನ ಕುಕ್ಕುವುದನ್ನು ಮರೆತು, ತಮ್ಮ ಹಳೆಯ ಬಸ್ಸಿನ ಗೇರಿನ ವಿಷಯ ಹೇಳತೊಡಗಿ, ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡರು.

ಅಪ್ಪ ಹೆಚ್ಚಿಗೆ ಏನೂ ಹೇಳುತ್ತಿರಲಿಲ್ಲ. ಆದರೆ ಅತ್ತಲಿನವರು ಮಾತು ಹುಡುಕುತ್ತಾ ತಡವರಿಸಿದರೆ ಅವಸರ ಮಾಡದೆ ಕಾಯುತ್ತಿದ್ದರು. ಕಾಯುವುದು ಅವರಿಗೆ ಗೊತ್ತಿತ್ತು. ತಾನೂ ಏನಾದರೂ ಹೇಳಬೇಕಲ್ಲ ಎಂದು ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಮುಟ್ಟಿಸುವರು. ಬೇಕರಿಯವರ ಮೊಣಕಾಲಿನ ಬಾವು ಇಳಿದದ್ದು ಸ್ವೆಟರಮ್ಮನಿಗೆ, ಸ್ವೆಟರಮ್ಮನ ಕನ್ನಡಕ ಮುರಿದದ್ದು ಬಸ್ಸಿನವರಿಗೆ ತಿಳಿಯುವುದು. ಆ ಕನ್ನಡಕಕ್ಕೆ ಗಾಜು ಹೇಗಿರಬೇಕು ಎಂದು ಮಾತ್ರ ಉದ್ದಕ್ಕೆ ವಿವರಿಸಿದ್ದರು, ಅವರ ಬಾಯಲ್ಲಿ ಅಷ್ಟು ಮಾತು ಅವತ್ತೇ ಬಂದದ್ದು.

"ನೀವು ಬೆಳಗು ಕಳೆದ ಮೇಲೆ ಏನ್ಮಾಡ್ತೀರಿ?" ಎಂದು ಸ್ವೆಟರಮ್ಮ ಕೇಳಿದ್ದರು ಒಮ್ಮೆ.

"ಏನೂ ಇಲ್ಲ."

"ಎರಡು ಕಡ್ಡಿ, ಒಂದು ಉಂಡೆ ಉಣ್ಣೆ ತಂದಿಟ್ಕೊಳ್ಳಿ. ನಾಳೆ ಹೇಳ್ಕೊಡ್ತೀನಿ."

ಹೆಣಿಗೆಯನ್ನು ಫೋನಿನಲ್ಲಿ ಕಲಿಯುವುದು ಸುಲಭವಲ್ಲ. ಎರಡು ಸೀದಾ, ಎರಡು ಉಲ್ಟಾ ಎಂದು ಆ ಕಡೆಯಿಂದ ಹೇಳುತ್ತಾ ಹೋದರೆ, ಈ ಕಡೆ ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಬೆರಳು ಆಡಿಸಬೇಕು. ಗಾಜು ಉಜ್ಜಿದ ಬೆರಳುಗಳಿಗೆ ಉಣ್ಣೆ ಜಾರುತ್ತಿತ್ತು. ಆದರೂ ಕಡ್ಡಿಯ ಸಣ್ಣ ಟಿಕ್ ಟಿಕ್ ಸದ್ದು ಅವರಿಗೆ ಹಿಡಿಸಿತು. ಮಧ್ಯಾಹ್ನವೂ ಹೆಣೆದರು, ಸಂಜೆಯೂ ಹೆಣೆದರು. ಬೇಕರಿಯವರು ಬ್ರೆಡ್ಡು ಮಾಡುವುದನ್ನು ಹೇಳಿಕೊಟ್ಟರು. "ಹಿಟ್ಟು ಕಿವಿಯ ಹಾಲೆ ಹಂಗಿರ್ಬೇಕು. ನಿಮ್ಮ ಕಿವಿ ಮುಟ್ಟಿ ನೋಡ್ಕೊಳ್ಳಿ. ಈಗ ಹಿಟ್ಟು ಮುಟ್ಟಿ." ಆ ಚಳಿಗಾಲದಲ್ಲಿ ಅಪ್ಪನ ಕಿವಿಗೂ ಫೋನಿಗೂ ಯಾವಾಗಲೂ ಹಿಟ್ಟು ಮೆತ್ತಿರುತ್ತಿತ್ತು. ಒಲೆಯಿಂದ ಮೊದಲ ಸಲ ಸರಿಯಾಗಿ ಉಬ್ಬಿದ ಬ್ರೆಡ್ಡು ತೆಗೆದ ದಿನ ಅವರು ಅದನ್ನು ಕೊಯ್ಯದೆ ಮೇಜಿನ ಮೇಲಿಟ್ಟು ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಒಂದ್ಸಲ ಮನೆಗೆ ಬನ್ನಿ," ಎಂದು ಎಲ್ಲರೂ ಕರೆದರು.

"ಬರ್ತೀನಿ, ಇನ್ನೊಂದಿನ," ಎನ್ನುವರು.

ನರ್ಸಮ್ಮನ ಹತ್ತಿರ ಒಮ್ಮೆ ನಿಜ ಹೇಳಿದ್ದರು. "ಫೋನಲ್ಲಾದ್ರೆ ಹೆಂಗೋ ಆಗುತ್ತೆ. ಎದುರಿಗೆ ಕೂತ್ರೆ ಅವರ ಮುಖ ನೋಡೋ ಬದ್ಲು ಕಿಟಕಿ ನೋಡ್ತೀನಿ. ಮೊದಲಿಂದ್ಲೂ ಹಂಗೇ."

*

ಪಕ್ಕದ ಹಾಲಿನಲ್ಲಿ ಯಾರೋ ಭಾಷಣ ಶುರು ಮಾಡಿದ್ದರು. ಇಲ್ಲಿ ಬೆಂಚಿನ ಮೇಲೆ ಮೂವರು ಮುದುಕರು ಒಬ್ಬರನ್ನೊಬ್ಬರು ಕದ್ದು ನೋಡುತ್ತಾ ಕೂತಿದ್ದರು.

"ನಿಮ್ಮ ಮೊಣಕಾಲು ಹೆಂಗಿದೆ?" ಎಂದರು ಸ್ವೆಟರಮ್ಮ ಇದ್ದಕ್ಕಿದ್ದಂತೆ.

ಬೇಕರಿಯವರು ಬೆಚ್ಚಿ ತಿರುಗಿದರು. "ಮೇಲು... ನೀವು ಸ್ವೆಟರಿನವರಾ? ಹೊಸ ಕನ್ನಡಕ ಸರಿ ಬಂತಾ?"

"ಇದೇ ನೋಡಿ."

"ಓ, ಇದೇನಾ!" ಎಂದು ಬಸ್ಸಿನವರು ಬಗ್ಗಿ, ಆ ಕನ್ನಡಕವನ್ನು ತಾವೇ ಮಾಡಿಸಿಕೊಟ್ಟಂತೆ ಪರೀಕ್ಷಿಸಿದರು.

ಮಗಳು ನರ್ಸಮ್ಮನ ಕಡೆ ಸರಿದು ಕೂತಳು. "ನಿನ್ನೆ... ಅಪ್ಪ ಹೋಗಿರೋದು ನಿಮಗೆ ಹೆಂಗೆ ಗೊತ್ತಾಯ್ತು?"

"ನನಗಲ್ಲ, ಇವರಿಗೆ."

"ಮೊದಲ ಫೋನು ನಂದೇ ಅಲ್ವಾ," ಎಂದರು ಸ್ವೆಟರಮ್ಮ. "ಚಹಾ ಸೋಸಿ ಕಪ್ಪಿಗೆ ಹಾಕೋದಕ್ಕೂ ಫೋನು ಬಡಿಯೋದಕ್ಕೂ ಸರಿಯಾಗಿರೋದು. ನಿನ್ನೆ ಬಡೀಲಿಲ್ಲ. ಚಹಾದ ಮೇಲೆ ಕೆನೆ ಕಟ್ತು. ನಾನೇ ನರ್ಸಮ್ಮಂಗೆ ಮಾಡಿದೆ."

"ಅವರದ್ದು ಇಡೋಷ್ಟರಲ್ಲಿ ಇವರದ್ದು, ಇವರದ್ದು ಇಡೋಷ್ಟರಲ್ಲಿ ಇನ್ನೊಬ್ರದ್ದು," ಎಂದರು ನರ್ಸಮ್ಮ. "ದಿನಾ ಎದ್ದಿದ್ದೀರಾ ಅಂತ ಕೇಳಿಸ್ಕೊಳ್ಳೋರೆಲ್ಲ ಸೇರಿ ಅವರು ಎದ್ದಿದ್ದಾರಾ ಅಂತ ನನ್ನ ಕೇಳ್ತಿದ್ರು. ಓಡ್ಕೊಂಡು ಹೋಗಿ ಬಾಗಿಲು ತೆಗೆಸ್ದೆ. ನಿದ್ದೆಯಲ್ಲೇ ಹೋಗ್ಬಿಟ್ಟಿದ್ರು. ಅಂಗೈ ಇನ್ನೂ ಪೂರ್ತಿ ತಣ್ಣಗಾಗಿರ್ಲಿಲ್ಲ."

ಅಮ್ಮ ಬಿದ್ದಿದ್ದ ಅಡುಗೆಮನೆಯ ನೆಲ, ಬೆಳಗಿನಿಂದ ಕತ್ತಲಾಗುವವರೆಗೆ ಅಲ್ಲಿ ಜರುಗುತ್ತಾ ಹೋಗಿರಬಹುದಾದ ಬಿಸಿಲು ಮಗಳ ಕಣ್ಣಿಗೆ ಕಟ್ಟಿತು. ಆಮೇಲೆ ಕೇಳಿದಳು.

"ಅಪ್ಪನಿಗೆ ಯಾರು ಫೋನ್ ಮಾಡ್ತಿದ್ರು? ಬೆಳಿಗ್ಗೆ?"

ಬಸ್ಸಿನವರು ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಿದ್ದರು.

"ಅವರೂ ಒಂಟಿ ಅಂತ," ಎಂದರು ನರ್ಸಮ್ಮ ಮೆಲ್ಲಗೆ, "ನಮಗ್ಯಾರಿಗೂ ಹೊಳೀಲೇ ಇಲ್ಲಮ್ಮ."

"ನಿಮ್ಮಂಥ ಮಗಳಿದ್ದಾರೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು," ಎಂದರು ಬಸ್ಸಿನವರು. ಸ್ವೆಟರಮ್ಮ ಅವರನ್ನು ಕೆಕ್ಕರಿಸಿ ನೋಡಿದರು. "ಏನು ನೋಡ್ತೀರಿ? ಸುಳ್ಳು ಹೇಳ್ಲಾ? ಮಕ್ಕಳ ಮಾತು ಬಂದ್ರೆ ಮಾತು ತಿರುಗಿಸೋರು."

"ನನಗೆ ಗೊತ್ತಿತ್ತು," ಎಂದರು ಬೇಕರಿಯವರು. "ಒಂದ್ಸಲ ಮಾತ್ರ ಹೇಳಿದ್ರು. ಬ್ರೆಡ್ಡು ಬೇರೆ ಊರಿಗೆ ಕಳಿಸ್ಬೇಕು, ದಾರೀಲಿ ಕೆಡಬಾರ್ದು, ಏನ್ಮಾಡ್ಲಿ ಅಂತ. ಯಾರಿಗೆ ಅಂದೆ. ಮಗಳಿಗೆ ಅಂದ್ರು. ಅವತ್ತು ನಾಲ್ಕು ಸಲ ಫೋನ್ ಮಾಡಿದ್ರು ನನಗೆ! ಸಕ್ಕರೆ ಎಷ್ಟು, ಎಣ್ಣೆ ಎಷ್ಟು, ಯಾವ ಕಾಗದದಲ್ಲಿ ಸುತ್ಲಿ..." ಅವರು ಆಸೆಯಿಂದ ಮಗಳ ಮುಖ ನೋಡಿದರು. "ಬಂದು ತಲುಪ್ತಾ ಅಮ್ಮಾ? ಹೆಂಗಿತ್ತು?"

*

ಪೊಟ್ಟಣ ಬಸ್ಸಿನಲ್ಲಿ ಬಂದಿತ್ತು. ಯಾವ ಚೀಟಿಯೂ ಇರಲಿಲ್ಲ, ಮೇಲೆ ಅಪ್ಪನ ಅಕ್ಷರದಲ್ಲಿ ಅವಳ ಹೆಸರು ಮಾತ್ರ. ಕಂದು ಕಾಗದ ಬಿಚ್ಚಿದರೆ ಒಂದು ಗುಂಡಗಿನ ಬ್ರೆಡ್ಡು. ಅವಳು ಅದನ್ನು ಒತ್ತಿ ನೋಡಿದಳು, ಚಾಕು ಹಾಕಿದಳು, ಚಾಕು ಅರ್ಧಕ್ಕೆ ನಿಂತಿತು. ಅಷ್ಟು ದೂರದಿಂದ ಇದೊಂದನ್ನು ಯಾಕೆ ಕಳಿಸಬೇಕು ಎಂದು ಸಿಡುಕಿ ಕಸದ ಬುಟ್ಟಿಗೆ ಹಾಕಿದ್ದಳು.

ವಾರಕ್ಕೊಮ್ಮೆ ಬರುವ ಅಪ್ಪನ ಫೋನು ಆ ಸಂಜೆ ಸ್ವಲ್ಪ ಬೇಗನೆ ಬಂತು.

"ಊಟ ಆಯ್ತಾ?"

"ಆಯ್ತು. ನಿಮ್ದು?"

"ಆಯ್ತು."

ಇಲ್ಲಿಗೆ ಅವರ ಮಾತು ಮುಗಿಯುತ್ತಿತ್ತು ಸಾಮಾನ್ಯವಾಗಿ. ಅವತ್ತು ಅಪ್ಪ ಫೋನು ಇಡಲಿಲ್ಲ. ಆ ಕಡೆಯಿಂದ ಅವರು ಕಾಯುತ್ತಿರುವುದು ಕೇಳಿಸುತ್ತಿತ್ತು.

"ಬ್ರೆಡ್ಡು ಬಂತು ಅಪ್ಪಾ. ಯಾವ ಬೇಕರಿದು ಅದು? ಕಲ್ಲಿದ್ದಂಗಿತ್ತು. ಯಾರೋ ನಿಮಗೆ ಹಳೇದು ಕಟ್ಟಿ ಕಳಿಸಿದ್ದಾರೆ ನೋಡಿ."

"ಹೌದಾ," ಎಂದರು ಅಪ್ಪ. ಆಮೇಲೆ, "ಇಲ್ಲೇ ಹತ್ರದ್ದು. ಇನ್ಮೇಲೆ ಅಲ್ಲಿ ತಗೊಳಲ್ಲ ಬಿಡು," ಎಂದರು.

*

"ಚೆನ್ನಾಗಿತ್ತು," ಎಂದಳು ಮಗಳು.

"ಮೆತ್ತಗಿತ್ತಾ?"

"ಮೆತ್ತಗಿತ್ತು. ಇಬ್ರೂ ತಿಂದ್ವಿ."

ಅಳಿಯ ಅವಳ ಕಡೆ ನೋಡಿ ಮತ್ತೆ ನೆಲ ನೋಡಿದ. ಬೇಕರಿಯವರು ತೃಪ್ತಿಯಿಂದ ಬೆಂಚಿಗೆ ಒರಗಿದರು. "ನಾನು ಹೇಳಿದೆ ಅವರಿಗೆ. ಇನ್ನೊಂದ್ಸಲ ಕಳಿಸಿ ಅಂದೆ. ಯಾಕೋ ಆಮೇಲೆ ಕಳಿಸ್ಲಿಲ್ಲ."

ಗುಮಾಸ್ತ ಬಂದು ಸರದಿ ಬಂತೆಂದ. ಎಲ್ಲರೂ ಎದ್ದರು. ಒಳಗಿನಿಂದ ಬಂದ ಕೆಲಸದವನು ಅಪ್ಪನ ಮೇಲಿನ ಹೂವಿನ ಚಕ್ರ ತೆಗೆದು ಬದಿಗಿಟ್ಟ. "ಇದೂ ತೆಗೆದುಬಿಡ್ಲಾ ಮೇಡಂ?" ಎಂದು ಮಫ್ಲರನ್ನು ತೋರಿಸಿದ. "ಮನೇಲಿ ಇಟ್ಕೊಳ್ಳೋದಾದ್ರೆ."

ಮಗಳು ಉತ್ತರ ಕೊಡುವ ಮೊದಲೇ ಸ್ವೆಟರಮ್ಮ ಮುಂದೆ ಬಂದರು. ಮಫ್ಲರಿನ ಅಂಚನ್ನು ಕೈಗೆ ತೆಗೆದುಕೊಂಡು ಹೊಸ ಕನ್ನಡಕಕ್ಕೆ ಹತ್ತಿರ ತಂದರು. ಬೆರಳು ಒಂದು ತೂತಿನಿಂದ ಇನ್ನೊಂದಕ್ಕೆ ಹೋಯಿತು.

"ಅಯ್ಯೋ ದೇವರೇ," ಎಂದರು. "ಒಂದು ಕುಣಿಕೆಯೂ ಬಿಟ್ಟಿಲ್ಲ, ಸಾಲು ನೆಟ್ಟಗಿದೆ ಅಂತಿದ್ರಲ್ಲ ದಿನಾ. ನಾನೂ ನಂಬ್ಕೊಂಡು ಮುಂದಿನ ಸಾಲು ಹೇಳ್ತಾ ಹೋದೆ."

"ಅಪ್ಪ ಹೆಣೆದಿದ್ದಾ ಇದು?" ಎಂದಳು ಮಗಳು.

"ಮತ್ಯಾರು ಹಿಂಗೆ ಹೆಣೀತಾರೆ?"

ಅವರು ತುರುಬಿನಿಂದ ಒಂದು ಪಿನ್ನು ಎಳೆದುಕೊಂಡರು. ಬೆಳಿಗ್ಗೆ ಸರಳಿಗೆ ಸಿಕ್ಕಿ ಎಳೆ ಕಿತ್ತು ಬಂದಿದ್ದ ಜಾಗ ಹುಡುಕಿ, ಬಿಟ್ಟುಹೋದ ಕುಣಿಕೆಯನ್ನು ಪಿನ್ನಿನ ಮೊನೆಯಿಂದ ಎತ್ತಿ, ಮೇಲಿನದಕ್ಕೆ ಕೋದು, ಅದನ್ನು ಇನ್ನೂ ಮೇಲಿನದಕ್ಕೆ ಕೋದು, ತುದಿಯನ್ನು ಗಂಟು ಹಾಕಿದರು. ಕೆಲಸದವನು ಬಾಗಿಲು ಹಿಡಿದು ನಿಂತೇ ಇದ್ದ.

"ಹಂಗೇ ಬಿಟ್ರೆ ಬಿಚ್ಕೊಳ್ತಾ ಹೋಗುತ್ತೆ," ಎಂದು ಸ್ವೆಟರಮ್ಮ ಅವನಿಗೆ ವಿವರಿಸಿದರು.

"ಇರ್ಲಿ ಬಿಡಿ, ತೆಗೀಬೇಡಿ," ಎಂದಳು ಮಗಳು ಅವನಿಗೆ. ಆಮೇಲೆ ಅಪ್ಪನ ಕೊರಳಿಗೆ ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿ, ಗಲ್ಲದ ಕೆಳಗೆ ಒತ್ತಿ ಸರಿಪಡಿಸಿದಳು. ಏನೋ ಹೇಳಬೇಕೆಂದು ಬಗ್ಗಿದಳು. ಅವಳಿಗೂ ಅಪ್ಪನ ಹಾಗೆಯೇ, ಎದುರಿಗೆ ಮಾತು ಬರಲಿಲ್ಲ. ಕಬ್ಬಿಣದ ಬಾಗಿಲು ತೆರೆದು ಮುಚ್ಚಿಕೊಂಡಿತು.

ಹೊರಗೆ ಬಂದಾಗ ವಕೀಲರ ಕಡೆಯ ಕಾರುಗಳೆಲ್ಲ ಹೋಗಿ ಅಂಗಳ ಖಾಲಿಯಾಗಿತ್ತು. ನರ್ಸಮ್ಮ ಕೇಂದ್ರಕ್ಕೆ ತಡವಾಯಿತೆಂದು ಮೊದಲೇ ಹೊರಟರು. ಉಳಿದ ಮೂವರನ್ನೂ ಮನೆಗೆ ಬಿಡುತ್ತೇವೆ ಎಂದಳು ಮಗಳು.

"ಬೇಡಮ್ಮ, ಒಬ್ಬೊಬ್ರದ್ದು ಒಂದೊಂದು ದಿಕ್ಕು," ಎಂದರು ಬಸ್ಸಿನವರು. "ಇಲ್ಲೇ ಸ್ಟಾಪಿದೆ. ಮೂರು ಜನಕ್ಕೂ ಬಸ್ಸಿದೆ, ನನಗೆ ಗೊತ್ತು."

ಸ್ವೆಟರಮ್ಮ ಅವಳ ಕೈ ಹಿಡಿದು, ಹಿಡಿದೇ ನಿಂತು, ಆಮೇಲೆ ಬಿಟ್ಟರು.

ಅಳಿಯ ಕಾರನ್ನು ತಿರುಗಿಸಿಕೊಂಡು ರಸ್ತೆಗೆ ಬರುವಷ್ಟರಲ್ಲಿ ಕೆಂಪು ದೀಪ ಬಿತ್ತು. ಎದುರು ಬದಿಗೆ ಬಸ್ ಸ್ಟಾಪು. ಮೂವರೂ ಅಲ್ಲಿ ನಿಂತಿದ್ದರು, ಮೊದಲಿಗೆ ಒಬ್ಬರಿಂದೊಬ್ಬರು ದೂರ ದೂರ. ಬಸ್ಸು ಬಂದು ಅವರನ್ನು ಮರೆಮಾಡಿ ನಿಂತಿತು. ಹೋದರು ಎಂದುಕೊಂಡಳು ಮಗಳು. ಬಸ್ಸು ಹೊರಟುಹೋಯಿತು. ಮೂವರೂ ಅಲ್ಲೇ ಇದ್ದರು. ಸ್ವೆಟರಮ್ಮ ಊರುಗೋಲನ್ನು ಬೆಂಚಿಗೆ ಒರಗಿಸಿ ಕೂತಿದ್ದರು. ಬೇಕರಿಯವರು ಪಕ್ಕದಲ್ಲಿ ಜಾಗ ಮಾಡಿಕೊಳ್ಳುತ್ತಿದ್ದರು. ಇನ್ನೊಂದು ಬಸ್ಸು ಬಂತು, ಬಾಗಿಲು ತೆರೆಯಿತು. ಬಸ್ಸಿನವರು ಮಾತು ನಿಲ್ಲಿಸದೆ, ಆ ಕಡೆ ನೋಡದೆ, ಹೋಗು ಹೋಗು ಎಂದು ಅದಕ್ಕೆ ಕೈ ಬೀಸಿದರು.

ಕಾರಿನ ಗಾಜು ಏರಿಸಿತ್ತು. ಒಂದು ಮಾತೂ ಕೇಳಿಸುತ್ತಿರಲಿಲ್ಲ. ಸ್ವೆಟರಮ್ಮ ಏನಕ್ಕೋ ನಕ್ಕರು. ಎಲ್ಲಿಂದ ಬಂದಿದ್ದೇವೆಂದು ನೆನಪಾದವರಂತೆ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು. ಹಿಡಿದ ಕೈಯ ಹಿಂದೆ ಭುಜಗಳು ಇನ್ನೂ ಕುಲುಕುತ್ತಲೇ ಇದ್ದವು.